ಎಲೆಯೊಳಗಿನ ದಾಯಾದಿಗಳು

ವೇಣೂರಿನ ಬಾಹುಬಲಿ ಫಲ್ಗುಣಿ ನದಿಯ ದಂಡೆಯಲ್ಲಿ ನಿಂತು ನಾನೂರು ವರ್ಷ ದಾಟಿತು. 1604ರಲ್ಲಿ ಅಜಿಲ ಅರಸ ತಿಮ್ಮಣ್ಣ ನಿಲ್ಲಿಸಿದ ಮೂರ್ತಿ ಅದು. 2024ರ ಮಹಾಮಸ್ತಕಾಭಿಷೇಕಕ್ಕೆ ಬಂದವರೆಲ್ಲ ಕೈಮುಗಿದದ್ದು ಅವನ ತ್ಯಾಗಕ್ಕೆ. ಆ ತ್ಯಾಗಕ್ಕೂ ಹಿಂದೆ ಒಂದು ಜಗಳವಿದೆ. ಒಂದೇ ತಂದೆಯ ಇಬ್ಬರು ಮಕ್ಕಳು ಒಂದೇ ನೆಲಕ್ಕಾಗಿ ಎದುರುಬದುರಾದರು. ಸೈನ್ಯಗಳು ಕಾದಿದರೆ ಜನ ಸಾಯುತ್ತಾರೆ, ಅಣ್ಣತಮ್ಮಂದಿರೇ ತೀರಿಸಿಕೊಳ್ಳಲಿ ಎಂದು ಮಂತ್ರಿಗಳು ಹೇಳಿದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರೂ ನಡೆದವು. ಸುತ್ತ ನಿಂತು ನೋಡಿದ ಸೈನ್ಯದ ಮೈಮೇಲೆ ಒಂದು ಗೀರೂ ಬೀಳಲಿಲ್ಲ.

ಭತ್ತ, ರಾಗಿ, ಗೋಧಿಯ ಎಲೆಯೊಳಗೆ ಇಂಥದೇ ಕಾಳಗ ನಡೆಯುತ್ತದೆ. ಕಾದುವವು ವೈರಸ್ಸುಗಳು, ರೈತರ ಮಾತಿನಲ್ಲಿ ನಂಜು. ಸುತ್ತ ನಿಂತ ಸೈನ್ಯದ ಜಾಗದಲ್ಲಿ ಪೈರು ಇದೆ. ಹತ್ತಿರದ ಸಂಬಂಧವಿರುವ ಎರಡು ನಂಜುಗಳು ಒಂದೇ ಗಿಡಕ್ಕೆ ಬಂದರೆ ಮೊದಲು ಬಂದದ್ದು ಎರಡನೆಯದನ್ನು ಒಳಗೆ ಬಿಡುವುದಿಲ್ಲ. ಸಂಬಂಧವೇ ಇಲ್ಲದ ಎರಡು ನಂಜುಗಳಿಗೆ ಹಾಗೆ ಜಗಳವಾಡುವ ಕಾರಣವಿಲ್ಲ. ಎಷ್ಟೋ ಸಲ ಅವು ಒಂದಕ್ಕೊಂದು ಹೆಗಲು ಕೊಡುತ್ತವೆ. ಆಗ ಗದ್ದೆ ಹೋಯಿತೆಂದೇ ಲೆಕ್ಕ.

ತಳಿ ಎಂಬ ಮಾತನ್ನು ನಾವು ಭತ್ತಕ್ಕೂ ಹೇಳುತ್ತೇವೆ, ವೈರಸ್ಸಿಗೂ ಹೇಳುತ್ತೇವೆ. ವೈರಸ್ಸಿನ ತಳಿ ಎಂದರೇನೆಂದು ತುಳುನಾಡಿನವರಿಗೆ ತಿಳಿಸುವುದು ಸುಲಭ. ಅಳಿಯಸಂತಾನದ ಕುಟುಂಬ ಒಬ್ಬ ಮೂಲ ಅಜ್ಜಿಯಿಂದ ಇಳಿದು, ಹೆಣ್ಣುಮಕ್ಕಳ ಹಾದಿಯಲ್ಲಿ ಕವರುಗಳಾಗಿ ಒಡೆಯುತ್ತದೆ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಆಸ್ತಿ ಪಾಲು ಮಾಡುವಾಗ ಹಿಡಿದ ಲೆಕ್ಕವೂ ಕವರಿನದೇ. ವೈರಸ್ಸಿನ ತಳಿ ಎಂದರೆ ಅದರ ಕವರು. ವೈರಸ್ ಎಂಬುದು ಪ್ರೋಟೀನಿನ ಅಂಗಿ ತೊಟ್ಟ ಒಂದು ಬರಹ; ಕೆಲವು ಸಾವಿರ ಅಕ್ಷರಗಳ ಆರ್‌ಎನ್‌ಎ, ಕೆಲವಕ್ಕೆ ಡಿಎನ್‌ಎ. ಸಸ್ಯಕೋಶದೊಳಗೆ ಅದು ತನ್ನನ್ನು ಲಕ್ಷಗಟ್ಟಲೆ ಸಲ ನಕಲು ಮಾಡಿಕೊಳ್ಳುತ್ತದೆ. ನಕಲಿನಲ್ಲಿ ತಪ್ಪಾಗುತ್ತದೆ. ತಪ್ಪುಗಳು ಕೂಡಿ ಕೂಡಿ ಒಂದು ಹೊಸ ಕವರು ಆಗುತ್ತದೆ. ಎರಡು ಕವರುಗಳು ಎಷ್ಟು ದೂರ ಸರಿದಿವೆ ಎಂಬುದರ ಮೇಲೆ ಅವು ಕಾದುತ್ತವೆಯೋ ಕೂಡುತ್ತವೆಯೋ ಎಂಬುದು ಬಹಳಮಟ್ಟಿಗೆ ನಿಂತಿದೆ.

ಒಂದು ನಂಜು ತನ್ನ ದಾಯಾದಿಯನ್ನು ಹೀಗೆ ತಡೆಯುವುದು ಮೊದಲು ಕಣ್ಣಿಗೆ ಬಿದ್ದದ್ದು ಹೊಗೆಸೊಪ್ಪಿನಲ್ಲಿ. 1929ರಲ್ಲಿ ಅಮೆರಿಕದ ಎಚ್.ಎಚ್. ಮೆಕಿನ್ನಿ, ಎಲೆಯಲ್ಲಿ ತಿಳಿಹಸಿರು ಮಚ್ಚೆ ಎಬ್ಬಿಸುವ ನಂಜು ಮೊದಲೇ ಹಿಡಿದ ಗಿಡಕ್ಕೆ ಹಳದಿ ಮಚ್ಚೆಯ ನಂಜು ತಗಲುವುದಿಲ್ಲ ಎಂಬುದನ್ನು ಬರೆದಿಟ್ಟರು. ಮನುಷ್ಯರಿಗೆ ಸಿಡುಬಿನ ಲಸಿಕೆ ಹಾಕಿದಂತೆಯೇ ಇದು ಎಂದು ಆ ಕಾಲದವರಿಗೆ ತೋರಿದ್ದು ಸಹಜ. ಆದರೆ ಗಿಡಕ್ಕೆ ನಮ್ಮಂಥ ರಕ್ತವಿಲ್ಲ, ಪ್ರತಿಕಾಯವಿಲ್ಲ. ತಡೆ ಎಲ್ಲಿಂದ ಬಂತು ಎಂಬುದನ್ನು ಬಿಡಿಸಲು ಎಪ್ಪತ್ತು ವರ್ಷ ಹಿಡಿಯಿತು.

ಕಾರಣ ಗೊತ್ತಾಗುವ ಮೊದಲೇ ಕೃಷಿ ವಿಜ್ಞಾನಿಗಳು ಇದನ್ನು ಬಳಕೆಗೆ ತಂದಿದ್ದರು. ಕರ್ನಾಟಕದಲ್ಲೂ ಈ ಕೆಲಸ ನಡೆದಿದೆ. ಕೊಡಗಿನ ಕಿತ್ತಳೆಯನ್ನು, ಬಯಲುಸೀಮೆಯ ನಿಂಬೆಯನ್ನು ಸೊರಗಿಸುವ ಟ್ರಿಸ್ಟೆಜಾ ಎಂಬ ನಂಜಿನಲ್ಲಿ ಸೌಮ್ಯ ತಳಿಗಳೂ ಇವೆ, ಉಗ್ರ ತಳಿಗಳೂ ಇವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಕೆ. ಬಲರಾಮನ್ ಮತ್ತು ಕೆ. ರಾಮಕೃಷ್ಣನ್ ಈ ತಳಿಗಳನ್ನು ಒಂದೊಂದಾಗಿ ಬೇರ್ಪಡಿಸಿದರು. ಸೌಮ್ಯ ತಳಿಯನ್ನು ನಿಂಬೆಗಿಡಕ್ಕೆ ಮೊದಲೇ ಹಾಕಿ, ಆಮೇಲೆ ಉಗ್ರ ತಳಿಯನ್ನು ಏರಿಸಿ ನೋಡಿದರು. ಗಿಡಕ್ಕೆ ರಕ್ಷಣೆ ಸಿಗುತ್ತದೆ ಎಂದು ತೋರಿಸಿದ ಅವರ ಬರಹಗಳು 1977 ಮತ್ತು 1980ರಲ್ಲಿ ಪ್ರಕಟವಾದವು. ಬ್ರೆಜಿಲ್ ದೇಶದಲ್ಲಿ ಇದೇ ಉಪಾಯದಿಂದ ಲಕ್ಷಾಂತರ ಕಿತ್ತಳೆಮರಗಳನ್ನು ಉಳಿಸಿಕೊಂಡರು. ತಳಿಗಳ ನಡುವಣ ಜಗಳವನ್ನು ಇಷ್ಟು ಶ್ರದ್ಧೆಯಿಂದ ನಮ್ಮ ರಾಜ್ಯದಲ್ಲಿ ಅಷ್ಟು ಹಿಂದೆಯೇ ಅಭ್ಯಾಸ ಮಾಡಿದ್ದರು ಎಂಬುದು ನಮ್ಮ ಶಾಲಾಪುಸ್ತಕದಲ್ಲಿ ಇರಬೇಕಾದ ಸಂಗತಿ.

ಈಗ ತಡೆಯ ಕಾರಣಕ್ಕೆ ಬರೋಣ. ಎರಡು ಕಾರಣಗಳು ಗೊತ್ತಾಗಿವೆ.

ಒಂದು, ಗಿಡದ ಕಾವಲು. ವೈರಸ್ಸಿನ ಆರ್‌ಎನ್‌ಎ ಕೋಶದೊಳಗೆ ಹೆಚ್ಚಿದಂತೆ ಗಿಡ ಅದನ್ನು ಇಪ್ಪತ್ತೊಂದು, ಇಪ್ಪತ್ತೆರಡು ಅಕ್ಷರಗಳ ಚೂರುಗಳಾಗಿ ಕತ್ತರಿಸುತ್ತದೆ. ಆ ಚೂರುಗಳನ್ನು ಎಸೆಯುವುದಿಲ್ಲ, ಚಹರೆಯಾಗಿ ಇಟ್ಟುಕೊಳ್ಳುತ್ತದೆ. ಅದೇ ಚಹರೆಯ ಬರಹ ಮತ್ತೆ ಎಲ್ಲಿ ಕಂಡರೂ ಕತ್ತರಿ ಹಾಕುತ್ತದೆ. ಸೌಮ್ಯ ತಳಿಯಿಂದ ಪಡೆದ ಚಹರೆ ಅದರ ಉಗ್ರ ದಾಯಾದಿಗೂ ಹೊಂದುವುದರಿಂದ ದಾಯಾದಿ ಬಾಗಿಲಲ್ಲೇ ಸಿಕ್ಕಿಬೀಳುತ್ತದೆ. ದೂರದ ನಂಜಿಗೆ ಆ ಚಹರೆ ಹೊಂದುವುದಿಲ್ಲ. ಇಂಗ್ಲೆಂಡಿನ ಡೇವಿಡ್ ಬಾಲ್ಕೊಂಬ್ ಅವರ ತಂಡ 1997ರಿಂದ 1999ರವರೆಗೆ ಇದನ್ನು ಹಂತಹಂತವಾಗಿ ಬಿಡಿಸಿಟ್ಟಿತು.

ಇನ್ನೊಂದು ಕಾರಣ ಇದಕ್ಕಿಂತ ವಿಚಿತ್ರ. ಮನೆಯೊಳಗೆ ಕೂತ ವೈರಸ್ಸೇ ಬಾಗಿಲು ಹಾಕಿಕೊಳ್ಳುತ್ತದೆ. ಗೋಧಿಗೆ ಪಟ್ಟೆಪಟ್ಟೆಯಾದ ಹಳದಿ ತರಿಸುವ ಒಂದು ನಂಜಿದೆ, ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಅದನ್ನು ಹರಡುತ್ತದೆ. ಅಮೆರಿಕದ ನೆಬ್ರಾಸ್ಕದಲ್ಲಿ ಸತ್ಯನಾರಾಯಣ ತಾತಿನೇನಿ ಮತ್ತು ರಾಯ್ ಫ್ರೆಂಚ್ ಈ ನಂಜಿನ ಎರಡು ಪಾಲುಗಳಿಗೆ ಎರಡು ಬಣ್ಣ ಕೊಟ್ಟರು. ವಿಶೇಷ ಬೆಳಕಿನಲ್ಲಿ ಒಂದು ಹಸಿರಾಗಿ, ಇನ್ನೊಂದು ಕೆಂಪಾಗಿ ಹೊಳೆಯುತ್ತಿತ್ತು. ಎರಡನ್ನೂ ಒಂದೇ ಗಿಡಕ್ಕೆ ಏರಿಸಿದಾಗ ಎಲೆಯ ಮೇಲೆ ಹಸಿರಿನ ತೇಪೆ ಒಂದು ಕಡೆ, ಕೆಂಪಿನ ತೇಪೆ ಒಂದು ಕಡೆ. ನಡುವೆ ಹುಣಿ ಹಾಕಿದಂತೆ ಗಡಿ. ಹಸಿರು ಹೊಕ್ಕ ಕೋಶಕ್ಕೆ ಕೆಂಪು ಕಾಲಿಡಲಿಲ್ಲ. ವೈರಸ್ಸಿನ ಅಂಗಿಯ ಪ್ರೋಟೀನು ಮತ್ತು ಅದರದೇ ಒಂದು ಕತ್ತರಿ ಪ್ರೋಟೀನು, ಇವೆರಡರಲ್ಲಿ ಒಂದಿದ್ದರೂ ಬಾಗಿಲು ಮುಚ್ಚುತ್ತದೆ ಎಂದು 2016ರಲ್ಲಿ ಅವರು ತೋರಿಸಿದರು. ವೈರಸ್ಸಿಗೆ ಇದರಿಂದ ಏನು ಲಾಭ? ತನ್ನದೇ ಮರಿಗಳು ತಿರುಗಿ ಅದೇ ಕೋಶಕ್ಕೆ ನುಗ್ಗಿ ಗೊಂದಲ ಮಾಡದಿರಲಿ ಎಂದು ಹಾಕಿಕೊಂಡ ಬಾಗಿಲು ಅದು, ಮರಿಗಳಂತೆಯೇ ಕಾಣುವ ದಾಯಾದಿಗಳಿಗೂ ಅದು ಮುಚ್ಚಿಕೊಳ್ಳುತ್ತದೆ ಎಂಬುದು ಒಂದು ವಿವರಣೆ. ನನಗೆ ಅದು ಸರಿಯೆನಿಸುತ್ತದೆ.

ಯಾವುದು ದಾಯಾದಿ, ಯಾವುದು ಪರಕೀಯ ಎಂದು ಹೇಗೆ ಗುರುತಿಸುವುದು? ಹೊರಗಿನ ರೋಗಲಕ್ಷಣ ನೋಡಿ ಹೇಳಹೊರಟವರು ಮತ್ತೆ ಮತ್ತೆ ತಪ್ಪಿದ್ದಾರೆ. 1951ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಗುರುತಿಸಿದ ಬಾರ್ಲಿಯ ಹಳದಿ ಕುಬ್ಜ ರೋಗವನ್ನೇ ನೋಡಿ. ಬಾರ್ಲಿ, ಗೋಧಿ, ಓಟ್ಸ್ ಮೂರಕ್ಕೂ ಬರುವ ಈ ರೋಗವನ್ನು ಸಸ್ಯಹೇನುಗಳು ಹರಡುತ್ತವೆ. ಕಾರ್ನೆಲ್ ವಿಶ್ವವಿದ್ಯಾಲಯದ ಡಬ್ಲ್ಯು.ಎಫ್. ರಾಚೌ, ಯಾವ ಹೇನು ಯಾವ ತಳಿಯನ್ನು ಹೊರುತ್ತದೆ ಎಂಬುದರ ಮೇಲೆ ಇದರಲ್ಲಿ ಐದು ತಳಿಗಳನ್ನು ಬೇರೆಮಾಡಿ, ಹೇನಿನ ಹೆಸರಿನ ಮೊದಲಕ್ಷರಗಳನ್ನೇ ಅವಕ್ಕೆ ಇಟ್ಟರು. ಎಂಎವಿ ತಳಿಯನ್ನು ಒಂದು ಹೇನು ಹೊರುತ್ತದೆ, ಆರ್‌ಪಿವಿ ತಳಿಯನ್ನು ಬೇರೊಂದು ಹೇನು. ಎರಡೂ ತಳಿ ಒಂದೇ ಗಿಡದಲ್ಲಿದ್ದಾಗ ಮಾತ್ರ ಲೆಕ್ಕ ತಪ್ಪಿತು. ಆರ್‌ಪಿವಿಯ ಹೇನು ಎಂಎವಿಯನ್ನೂ ಹೊತ್ತು ನಡೆಯಿತು! ಒಳಗೆ ಎಂಎವಿಯ ಬರಹ, ಮೇಲೆ ಆರ್‌ಪಿವಿಯ ಅಂಗಿ. ನಮ್ಮ ಯಕ್ಷಗಾನದ ಚೌಕಿಯಲ್ಲಿ ಒಬ್ಬನ ಕಿರೀಟ, ಒಬ್ಬನ ದಗಲೆ ಇನ್ನೊಬ್ಬನಿಗೆ ಏರಿದರೆ ರಂಗಸ್ಥಳದ ಕೆಳಗೆ ಕೂತವರಿಗೆ ಯಾರೆಂದು ಹೇಗೆ ಗೊತ್ತಾಗಬೇಕು? ಹೇನು ಗುರುತಿಸುವುದೂ ಮೇಲಿನ ವೇಷವನ್ನೇ. 1970ರಲ್ಲಿ ರಾಚೌ ಇದನ್ನು ಪ್ರಕಟಿಸಿದರು.

ಮುಂದೆ ಈ ತಳಿಗಳನ್ನು ಒಂದರ ಮೇಲೊಂದು ಏರಿಸಿ ನೋಡಿದಾಗ, ಎಂಎವಿ ಮತ್ತು ಆ ಐದರಲ್ಲೇ ಇನ್ನೊಂದಾದ ಪಿಎವಿ ಒಂದನ್ನೊಂದು ತಡೆದವು. ಆರ್‌ಪಿವಿಯನ್ನು ಅವು ತಡೆಯಲಿಲ್ಲ. ಪಿಎವಿ, ಆರ್‌ಪಿವಿ ಕೂಡಿದರೆ ಪೈರು ಇನ್ನೂ ಕೆಟ್ಟಿತು. ಕೊನೆಗೆ ಬರಹವನ್ನೇ ಓದಿದಾಗ ಆರ್‌ಪಿವಿ ಈ ಕುಟುಂಬದ ಕವರೇ ಅಲ್ಲ, ಬೇರೆಯೇ ವೈರಸ್ಸು ಎಂದು ಖಚಿತವಾಯಿತು. ಕಬ್ಬು, ಜೋಳ, ಮೆಕ್ಕೆಜೋಳದ ಮೊಸಾಯಿಕ್ ನಂಜಿನ ಕತೆಯೂ ಇದೇ. ಒಂದೇ ವೈರಸ್ಸಿನ ಹದಿನೇಳು ತಳಿಗಳು ಎಂದುಕೊಂಡಿದ್ದವನ್ನು 1989ರಲ್ಲಿ ಡಿ.ಡಿ. ಶುಕ್ಲಾ ಮತ್ತು ಜೊತೆಗಾರರು ನಾಲ್ಕು ಬೇರೆ ಬೇರೆ ವೈರಸ್ಸುಗಳೆಂದು ವಿಂಗಡಿಸಿದರು.

ನಮ್ಮ ರಾಗಿಯಲ್ಲೂ ಹಾಗೇ ಆಯಿತು. 1960ರ ದಶಕದಲ್ಲಿ ಆಗಿನ ಮೈಸೂರು ರಾಜ್ಯ ಮತ್ತು ಆಂಧ್ರದ ರಾಗಿ ಹೊಲಗಳಿಗೆ ನಂಜು ಬಡಿಯಿತು. ದೆಹಲಿಯ ಎಲ್.ಎಂ. ಜೋಶಿ, ಎಸ್.ಪಿ. ರಾಯಚೌಧುರಿ ಮತ್ತು ಜೊತೆಗಾರರು 1966ರಲ್ಲಿ ಅದರ ಮೊದಲ ವರದಿ ಬರೆದರು. ಎಲೆಯಲ್ಲಿ ಮಚ್ಚೆ, ಗೆರೆ, ಹಳದಿ. ಕಣ್ಣಿಗೆ ಎಲ್ಲ ಒಂದೇ. ಕೆದಕಿದಂತೆ ಒಂದಲ್ಲ, ಹಲವು ನಂಜುಗಳು ಹೊರಬಿದ್ದವು. ಒಂದನ್ನು ಜಿಗಿಹುಳು ಹರಡುತ್ತದೆ, ಇನ್ನೊಂದನ್ನು ಸಸ್ಯಹೇನು. ಕಾರ್ಲ್ ಮಾರಮೊರೊಶ್, ಬೆಂಗಳೂರಿನ ಎಚ್.ಸಿ. ಗೋವಿಂದು ಮತ್ತು ಎಫ್. ಕೊಂಡೊ ಕರ್ನಾಟಕದ ಹೊಲದಿಂದ ತಂದ ರಾಗಿ ಎಲೆಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ, ಗುಂಡಿನಾಕಾರದ ಕಣಗಳನ್ನು ಕಂಡು 1977ರಲ್ಲಿ ವರದಿ ಮಾಡಿದರು. ಹೇನಿಗೆ ಹೊಡೆದ ಮದ್ದು ಜಿಗಿಹುಳದ ರೋಗಕ್ಕೆ ನಾಟದಿದ್ದರೆ ಅದು ಮದ್ದಿನ ತಪ್ಪಲ್ಲ. ರೋಗದ ಹೆಸರೇ ತಪ್ಪಿತ್ತು.

ವೇಣೂರಿನ ಅನ್ನ ಭತ್ತದ್ದು. ಹಾಗಾಗಿ ಇಲ್ಲಿಯವರು ಹೆಚ್ಚು ತಿಳಿಯಬೇಕಾದ್ದು ಟುಂಗ್ರೊ ರೋಗವನ್ನು. ಫಿಲಿಪ್ಪೀನ್ಸ್ ದೇಶದ ಇಲೊಕಾನೊ ಭಾಷೆಯ ಈ ಮಾತಿಗೆ ಕುಗ್ಗಿದ ಬೆಳವಣಿಗೆ ಎಂಬ ಅರ್ಥ. ಪೈರು ಗಿಡ್ಡವಾಗುತ್ತದೆ, ಎಲೆಯ ತುದಿಯಿಂದ ಕಿತ್ತಳೆ ಕಲೆಸಿದ ಹಳದಿ ಇಳಿಯುತ್ತದೆ, ತೆಂಡೆ ಕಡಿಮೆ, ತೆನೆ ಹೊರಬಂದರೂ ಜೊಳ್ಳು. ಭಾರತದಲ್ಲಿ ಇದನ್ನು 1967ರಲ್ಲಿ ಗುರುತಿಸಿದವರಲ್ಲಿ ರಾಗಿಯ ನಂಜಿನ ವರದಿ ಬರೆದಿದ್ದ ಅದೇ ರಾಯಚೌಧುರಿ ಇದ್ದರು. ಎರಡು ವರ್ಷ ಕಳೆಯುವುದರೊಳಗೆ, 1969ರಲ್ಲಿ, ಬಂಗಾಳ, ಬಿಹಾರ, ಉತ್ತರ ಪ್ರದೇಶದ ಗದ್ದೆಗಳನ್ನು ಅದು ಹಾಳುಗೆಡವಿತು.

ಬಹುಕಾಲ ಇದಕ್ಕೆ ಒಂದೇ ವೈರಸ್ ಕಾರಣ ಎಂದು ನಂಬಿದ್ದರು. 1970ರ ದಶಕದಲ್ಲಿ ಸೂಕ್ಷ್ಮದರ್ಶಕದಲ್ಲಿ ಎರಡು ಆಕಾರಗಳು ಕಂಡವು: ಒಂದು ಉದ್ದನೆಯ ಕೋಲಿನಂಥದು, ಇನ್ನೊಂದು ದುಂಡಗಿನದು. ಕೋಲಿನದು ಸುಮಾರು 8 ಸಾವಿರ ಅಕ್ಷರಗಳ ಡಿಎನ್‌ಎ ವೈರಸ್. ದುಂಡಗಿನದು ಸುಮಾರು 12 ಸಾವಿರ ಅಕ್ಷರಗಳ ಆರ್‌ಎನ್‌ಎ ವೈರಸ್. ಇವೆರಡಕ್ಕೂ ಯಾವ ಕುಲಸಂಬಂಧವೂ ಇಲ್ಲ, ಕವರಿನ ಮಾತಂತೂ ಬಿಡಿ. ಜಪಾನಿನ ಎಚ್. ಹಿಬಿನೊ ಮತ್ತು ಜೊತೆಗಾರರು ಇವುಗಳ ಕೆಲಸ ಹಂಚಿಕೆಯನ್ನು ಬಿಡಿಸಿದರು. ದುಂಡಗಿನದು ಒಂಟಿಯಾಗಿದ್ದರೆ ಪೈರಿನಲ್ಲಿ ಕಾಣುವಂಥ ರೋಗವೇ ಇಲ್ಲ, ಆದರೆ ಹಸಿರು ಜಿಗಿಹುಳದ ಬೆನ್ನೇರಿ ಊರೂರು ಸುತ್ತಬಲ್ಲದು. ಕೋಲಿನದು ಹಳದಿ, ಕುಬ್ಜತನ ಎಲ್ಲವನ್ನೂ ತರುತ್ತದೆ, ಆದರೆ ತಾನಾಗಿ ಜಿಗಿಹುಳವನ್ನು ಏರಲಾರದು. ದುಂಡಗಿನದು ಜೊತೆಗಿದ್ದರೆ ಏರುತ್ತದೆ. ಒಬ್ಬನಿಗೆ ಕಾಲಿದೆ, ಇನ್ನೊಬ್ಬನಿಗೆ ಕತ್ತಿಯಿದೆ.

ಇಲ್ಲೂ ಯಾರು ಮೊದಲು ಎಂಬುದು ಮುಖ್ಯ. ಜಿಗಿಹುಳು ಮೊದಲು ದುಂಡಗಿನ ನಂಜಿನ ಪೈರನ್ನು ಹೀರಿ, ಆಮೇಲೆ ಕೋಲಿನ ನಂಜಿನ ಪೈರನ್ನು ಹೀರಿದರೆ ರೋಗ ಮುಂದಿನ ಗದ್ದೆಗೆ ದಾಟುತ್ತದೆ. ತಿರುಗುಮುರುಗಾದರೆ ದಾಟುವುದಿಲ್ಲ. ಅರ್ಧ ಗಂಟೆ ಹೀರಿದರೂ ಹುಳಕ್ಕೆ ನಂಜು ಸಿಗಬಲ್ಲದು. ನಾಲ್ಕೈದು ದಿನವಷ್ಟೇ ಅದು ಉಳಿಯುತ್ತದೆ, ಹುಳು ಪೊರೆ ಕಳಚಿದರೆ ಅದರೊಂದಿಗೆ ಹೋಗುತ್ತದೆ, ಮೊಟ್ಟೆಗೆ ಇಳಿಯುವುದಿಲ್ಲ. ಬಿತ್ತನೆ ಭತ್ತದಿಂದಲೂ ಈ ರೋಗ ಬರುವುದಿಲ್ಲ.

ಇದನ್ನು ನಮ್ಮ ಗದ್ದೆಗೆ ಹೊಂದಿಸಿ ನೋಡಬೇಕು. ಹಸಿರು ಜಿಗಿಹುಳು ಕರಾವಳಿಯ ಭತ್ತಕ್ಕೆ ಹೊಸಬನೇನೂ ಅಲ್ಲ. ಬೆಟ್ಟುಗದ್ದೆಯಲ್ಲಿ ಏಣೇಲು ಒಂದೇ ಬೆಳೆ. ಮಜಲಿನಲ್ಲಿ ಏಣೇಲು, ಸುಗ್ಗಿ. ನೀರಿರುವ ಬೈಲುಗದ್ದೆಯಲ್ಲಿ ಕೊಳಕೆಯೂ ಸೇರಿ ಮೂರು. ಗದ್ದೆ ಒಂದು ಋತುವಾದರೂ ಬರಿದಾಗಿದ್ದರೆ ನಂಜಿಗೆ ತಂಗಲು ಜಾಗ ಕಡಿಮೆ. ಕೊಯ್ದ ಬುಡದಿಂದ ಚಿಗುರಿದ ಕೂಳೆ ಹಸಿರಾಗಿ ನಿಂತಿದ್ದು, ಪಕ್ಕದಲ್ಲೇ ನೇಜಿ ಏಳುತ್ತಿದ್ದರೆ ಹುಳಕ್ಕೆ ನಾಲ್ಕೈದು ದಿನವೇ ಬೇಕಿಲ್ಲ, ಒಂದು ಹಾರಾಟ ಸಾಕು. ಕೂಳೆಯನ್ನು ಬೇಗ ಉತ್ತು ಮಣ್ಣಿಗೆ ಸೇರಿಸುವುದು, ಬೈಲಿನವರೆಲ್ಲ ಹತ್ತಿರ ಹತ್ತಿರದ ದಿನಗಳಲ್ಲಿ ನೇಜಿ ನೆಡುವುದು, ಇವೆರಡೂ ಯಾವ ಮದ್ದಿಗಿಂತ ಕಡಿಮೆಯಲ್ಲ. ಅರ್ಧ ಬೈಲು ಅಡಿಕೆ ತೋಟವಾಗಿ, ಉಳಿದ ಗದ್ದೆಗಳವರು ತಮ್ಮ ತಮ್ಮ ಅನುಕೂಲದ ದಿನ ನೆಡುವ ಕಾಲದಲ್ಲಿ ಇದು ಕಷ್ಟವೆಂದು ಬಲ್ಲೆ. ಆದರೂ ಹೇಳದೆ ಇರಲಾರೆ.

ಸೌಮ್ಯ ತಳಿಯನ್ನು ನಿಂಬೆಗೆ ಹಾಕಿದಂತೆ ಭತ್ತಕ್ಕೂ ಹಾಕಬಾರದೇ ಎಂದು ಯಾರಾದರೂ ಕೇಳಬಹುದು. ಆಗದು. ನಿಂಬೆಗಿಡಕ್ಕೆ ಒಮ್ಮೆ ಕಸಿಯಲ್ಲಿ ಏರಿಸಿದರೆ ಮರದ ಆಯುಷ್ಯವಿಡೀ ಅದು ಇರುತ್ತದೆ. ಒಂದು ಎಕರೆ ಭತ್ತದಲ್ಲಿ ಲಕ್ಷಕ್ಕೂ ಮೀರಿದ ಗುಣಿಗಳು, ಮೂರು ನಾಲ್ಕು ತಿಂಗಳ ಬಾಳು. ಯಾರು ಯಾವುದಕ್ಕೆಂದು ಏರಿಸುವುದು? ಅಪಾಯವೂ ಇದೆ. ಇಂದು ಸೌಮ್ಯವಾದದ್ದು ನಕಲಿನ ತಪ್ಪಿನಿಂದ ನಾಳೆ ಉಗ್ರವಾಗಬಹುದು. ಅದಕ್ಕಿಂತ ಹೆಚ್ಚಾಗಿ, ಸೌಮ್ಯನೆಂದು ಒಳಗೆ ಬಿಟ್ಟುಕೊಂಡದ್ದು ಹೊರಗಿನಿಂದ ಬಂದ ಪರಕೀಯನ ಜೊತೆ ಕೈಜೋಡಿಸಬಹುದು. 2011ರಲ್ಲಿ ಕೀನ್ಯ ದೇಶದ ಬೊಮೆಟ್ ಕಡೆ ಮೆಕ್ಕೆಜೋಳ ನಿಂತಲ್ಲೇ ಒಣಗಿ ಸತ್ತದ್ದು ಇಂಥ ಜೊತೆಗಾರಿಕೆಯಿಂದ. ಕಬ್ಬಿನ ಮೊಸಾಯಿಕ್ ನಂಜು ಅಲ್ಲಿಗೆ ಹಳೆಯದು, ಅದೊಂದೇ ಆಗಿದ್ದರೆ ರೈತರು ಹೇಗೋ ತಾಳಿಕೊಳ್ಳುತ್ತಿದ್ದರು. ಮೆಕ್ಕೆಜೋಳದ ಇನ್ನೊಂದು ನಂಜು ಹೊಸದಾಗಿ ಬಂದು ಸೇರಿತು. ಮೊಸಾಯಿಕ್ ನಂಜಿನ ಬಳಿ ಗಿಡದ ಆ ಕತ್ತರಿ ಕಾವಲನ್ನು ನಿದ್ದೆಗೆ ತಳ್ಳುವ ಪ್ರೋಟೀನು ಇದೆ. ಕಾವಲುಗಾರ ಮಲಗಿದ ಮನೆಯಲ್ಲಿ ಎರಡನೆಯದು ಮಿತಿಮೀರಿ ಹೆಚ್ಚಿತು. ದಾವಣಗೆರೆ, ಹಾವೇರಿಯ ಮೆಕ್ಕೆಜೋಳದ ಸೀಮೆಯವರು ಈ ಕತೆಯನ್ನು ನೆನಪಿಟ್ಟುಕೊಳ್ಳಬೇಕು. ಒಬ್ಬ ಪಾಲುದಾರ, ಕಬ್ಬಿನ ಮೊಸಾಯಿಕ್, ನಮ್ಮ ದೇಶಕ್ಕೂ ಹಳಬನೇ.

ಭತ್ತಕ್ಕೆ ಭರವಸೆ ಇರುವುದು ಪೈರಿನ ತಳಿಯಲ್ಲಿ. ಇಂಡೊನೇಷ್ಯದ ಹಳೆಯ ಭತ್ತ ಉತ್ರಿ ಮೇರಾ ಟುಂಗ್ರೊವನ್ನು ತಾಳಿಕೊಳ್ಳುತ್ತದೆ. ಅದರಲ್ಲಿ ದುಂಡಗಿನ ನಂಜು ಹೆಚ್ಚದಂತೆ ತಡೆಯುವ ಒಂದು ಗುಣವನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು 2010ರಲ್ಲಿ ವಂಶವಾಹಿಯ ಮಟ್ಟದವರೆಗೆ ಹಿಡಿದರು. ಕಾಲಿದ್ದವನನ್ನು ಕಟ್ಟಿಹಾಕಿದರೆ ಕತ್ತಿಯಿದ್ದವನು ಊರು ದಾಟಲಾರ. ಆದರೆ ಇಲ್ಲೂ ಕವರಿನ ಪ್ರಶ್ನೆ ತಪ್ಪಿದ್ದಲ್ಲ. ತಮಿಳುನಾಡಿನ ಟಿಕೆಎಂ-6 ಭತ್ತ ದುಂಡಗಿನ ನಂಜಿನ ಒಂದು ಕವರಿಗೆ ಬಗ್ಗಲಿಲ್ಲ. ಫಿಲಿಪ್ಪೀನ್ಸಿನ ಮಿಂಡನಾವೊ ದ್ವೀಪದ ಇನ್ನೊಂದು ಕವರಿಗೆ ಬಗ್ಗಿತು. ಕೋಲಿನ ನಂಜಿನಲ್ಲೂ ಭಾರತದ ಕಡೆಯದೇ ಒಂದು ಶಾಖೆ, ಆಗ್ನೇಯ ಏಷ್ಯದ್ದೇ ಒಂದು ಶಾಖೆ. ಅಲ್ಲಿ ಗೆದ್ದ ಭತ್ತವನ್ನು ಇಲ್ಲಿ ಬಿತ್ತುವ ಮೊದಲು ಇಲ್ಲಿಯ ನಂಜಿನ ಎದುರು ನಿಲ್ಲಿಸಿ ನೋಡಲೇಬೇಕು.

ಉತ್ರಿ ಮೇರಾ ಯಾರೋ ರೈತರು ಬಿತ್ತುತ್ತ ಬಂದದ್ದರಿಂದ ಉಳಿಯಿತು. ಕಾಸರಗೋಡಿನ ನೆಟ್ಟಣಿಗೆಯಲ್ಲಿ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಮನೆಯಂಗಳದಲ್ಲಿ ಕಾಪಾಡಿಕೊಂಡು ಬಂದಿದ್ದಾರೆ. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಯಾವ ಭತ್ತದಲ್ಲಿ ಯಾವ ನಂಜನ್ನು ತಡೆಯುವ ಶಕ್ತಿಯಿದೆ ಎಂದು ಪರೀಕ್ಷಿಸಬೇಕಾದರೆ ಮೊದಲು ಆ ಭತ್ತ ಇರಬೇಕು. ಆ ಕೆಲಸವನ್ನು ಅವರು ಮಾಡಿಟ್ಟಿದ್ದಾರೆ.

ಆಟಿ ತಿಂಗಳಲ್ಲಿ ಕಳಂಜ ಮನೆಮನೆಗೆ ಬಂದು ಊರಿನ ಮಾರಿಯನ್ನು ಕಳೆಯುವ ಪದ್ಧತಿ ನಮ್ಮಲ್ಲಿದೆ. ಮಾರಿ ಯಾವುದೆಂದು ಮೊದಲು ಹೆಸರು ಹಿಡಿದು ಕರೆಯುವುದು ಗದ್ದೆಯ ರೋಗದಲ್ಲೂ ಮೊದಲ ಕೆಲಸ. ಹಳದಿಯಾದದ್ದೆಲ್ಲ ನಂಜಲ್ಲ. ಕರಾವಳಿಯ ಮುರ ಮಣ್ಣಿನಲ್ಲಿ ಕಬ್ಬಿಣ ಹೆಚ್ಚಾದರೂ, ಸತು ಕಡಿಮೆಯಾದರೂ, ಸಾರಜನಕ ಸಾಲದಿದ್ದರೂ ಭತ್ತ ಹಳದಿಯಾಗುತ್ತದೆ. ಆಗ ಸಾಮಾನ್ಯವಾಗಿ ಇಡೀ ಗದ್ದೆಯೋ ಅದರ ಒಂದು ಮೂಲೆಯೋ ಒಟ್ಟಿಗೆ ಬಣ್ಣ ಕಳೆದುಕೊಳ್ಳುತ್ತದೆ. ಟುಂಗ್ರೊ ಬಂದರೆ ಹಸಿರು ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ತೇಪೆ, ತೇಪೆಯಲ್ಲಿ ಗಿಡ್ಡ ಪೈರು. ಅನುಮಾನ ಬಂದರೆ ಒಂದು ಹಳೆಯ ಪರೀಕ್ಷೆಯಿದೆ. ಬೆಳಗ್ಗೆ ಬಿಸಿಲೇರುವ ಮೊದಲೇ ಎಲೆಯ ತುದಿಯನ್ನು ಕತ್ತರಿಸಿ ತಂದು, 100 ಮಿಲಿಲೀಟರ್ ನೀರಿಗೆ 2 ಗ್ರಾಂ ಅಯೋಡಿನ್, 6 ಗ್ರಾಂ ಪೊಟ್ಯಾಸಿಯಂ ಅಯೋಡೈಡ್ ಬೆರೆಸಿದ ದ್ರಾವಣದಲ್ಲಿ 15 ನಿಮಿಷ ಅದ್ದಿಡುವುದು. ರೋಗದ ಎಲೆಯಲ್ಲಿ ಪಿಷ್ಟ ಸಾಗದೆ ಉಳಿದಿರುವುದರಿಂದ ಕಡುನೀಲಿ ಗೆರೆಗಳು ಮೂಡುತ್ತವೆ. ಇದು ಅನುಮಾನವನ್ನು ಗಟ್ಟಿಮಾಡುತ್ತದೆ ಅಷ್ಟೆ, ಯಾವ ವೈರಸ್ಸು, ಯಾವ ಕವರು ಎಂದು ಹೇಳುವುದು ಪ್ರಯೋಗಾಲಯದ ಕೆಲಸ.

ವೇಣೂರು, ಅಳದಂಗಡಿ, ಮೂಡುಬಿದಿರೆ, ಬಂಟ್ವಾಳದ ಕಡೆ ಇನ್ನೂ ಭತ್ತ ಬೆಳೆಯುತ್ತಿರುವ ಮನೆಗಳವರಲ್ಲಿ ಒಂದು ಕೋರಿಕೆ. ಮುಂದಿನ ಸುಗ್ಗಿಯಲ್ಲಿ ಹಸಿರಿನ ನಡುವೆ ಕಿತ್ತಳೆ ಬಣ್ಣದ ತೇಪೆ ಕಂಡರೆ ಅಂಗಡಿಯಿಂದ ಮದ್ದು ತರುವ ಮೊದಲು ನಾಲ್ಕು ಗಿಡಗಳನ್ನು ಬೇರು ಸಮೇತ ಕಿತ್ತು, ಒದ್ದೆ ಕಾಗದದಲ್ಲಿ ಸುತ್ತಿ, ಮಂಗಳೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಬ್ರಹ್ಮಾವರದ ಸಂಶೋಧನಾ ಕೇಂದ್ರಕ್ಕೋ ಮುಟ್ಟಿಸಿ. ಎರಡು ಗಿಡ ತೇಪೆಯ ನಡುವಿನದಿರಲಿ, ಎರಡು ಅಂಚಿನದಿರಲಿ. ಯಾವ ಭತ್ತ, ಎಂದು ನೆಟ್ಟದ್ದು, ಹಿಂದಿನ ಬೆಳೆ ಯಾವುದು ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.